ಹರಿಯುವ ನೀರಿನ ಪಕ್ಕ ಕಲ್ಲು ತಟ್ಟಿದವನು

ಗೂಡಿನ ಧೂಳಿನಲ್ಲಿ ಏಳು ಉಂಗುರಗಳಿದ್ದವು. ಬಾಟಲಿ ಒಂದೂ ಇರಲಿಲ್ಲ.

ಕಲ್ತೂಮಾ ಮಣ್ಣುಗೋಡೆಯ ಗೂಡಿಗೆ ಮುಖ ಹತ್ತಿರ ತಂದು, ಉಸಿರು ಬಿಗಿಹಿಡಿದು ನೋಡಿದಳು. ಉಂಗುರಗಳು ದುಂಡಗೆ, ಅಂಚು ಕೆಡದೆ ಇದ್ದವು. ಕದ್ದವನು ಬಾಟಲಿಗಳನ್ನು ಎಳೆದುಕೊಂಡಿಲ್ಲ. ಒಂದೊಂದನ್ನೇ ನೆಟ್ಟಗೆ ಮೇಲಕ್ಕೆ ಎತ್ತಿದ್ದಾನೆ, ಮಲಗಿದ ಕೂಸನ್ನು ತೊಟ್ಟಿಲಿನಿಂದ ಎತ್ತುವ ಹಾಗೆ.

"ಕಳ್ಳನಿಗೆ ಈ ಬಾಟಲಿಗಳ ಮೇಲೆ ಮರ್ಯಾದೆ ಇತ್ತು," ಎಂದಳು.

"ಮರ್ಯಾದೆ ಇದ್ದವನು ಹೆಣ ಮಣ್ಣಿಗೆ ಹೋಗೋ ಹೊತ್ತಲ್ಲಿ ಮನೆಗೆ ನುಗ್ತಾನಾ, ಲಾಲ್ಲಾ?" ಎಂದಳು ಹಿಂದೆ ನಿಂತಿದ್ದ ಮಬ್ರೂಕಾ. ಸತ್ತವನ ಒಬ್ಬಳೇ ಮಗಳು ಅವಳು; ಹಿರಿಯ ಹೆಂಗಸರನ್ನು ನಮ್ಮಲ್ಲಿ ಲಾಲ್ಲಾ ಎಂದೇ ಕರೆಯುತ್ತಾರೆ.

ನಮ್ಮ ತಿಗೂರ್ತದ ನೀರಳೆಯುವವನು ಬಾ ದಹ್ಮಾನ್, ಫೊಗ್ಗಾರದ ಹನ್ನೆರಡನೆಯ ಬಾವಿಯ ತಳದಲ್ಲಿ ಹೆಣವಾಗಿ ಸಿಕ್ಕಿ ಅವತ್ತಿಗೆ ಐದನೆಯ ದಿನ. ಫೊಗ್ಗಾರವೆಂದರೆ ನಮ್ಮ ಖರ್ಜೂರದ ತೋಟಗಳಿಗೆ ನೀರು ತರುವ ನೆಲದಡಿಯ ಕಾಲುವೆ; ಮೇಲೆ ಸಾಲಾಗಿ ಬಾವಿಗಳ ಬಾಯಿ, ಕೆಳಗೆ ಅಜ್ಜಂದಿರು ತೋಡಿದ ಕತ್ತಲ ದಾರಿ. ಊರಿನಲ್ಲಿ ಅದು ಹೊರಗೆ ಬರುವ ಕಡೆ ಹಲ್ಲು ಕೊರೆದ ಒಂದು ಕಲ್ಲು ಬಾಚಣಿಗೆ ಇದೆ. ಯಾರ ತೋಟಕ್ಕೆ ಎಷ್ಟು ಬೆರಳು ನೀರು ಎಂದು ನಲವತ್ತು ವರ್ಷ ಅಲ್ಲಿ ಕೂತು ಅಳೆದವನು ದಹ್ಮಾನ್.

ಪ್ರತಿ ವರ್ಷ ಕೊಯ್ಲು ಮುಗಿದು ಪಾಲು ಅಳೆಯುವ ದಿನ, ಊರಿನವರೆದುರೇ ಅವನು ಒಂದು ಬಾಟಲಿ ನೀರು ತುಂಬಿಸಿ, ಬಾಯಿಗೆ ಮೇಣ ಸುರಿದು, ವರ್ಷ ಬರೆದು ಈ ಗೂಡಿನಲ್ಲಿ ಇಡುತ್ತಿದ್ದ. ಮೇಣದ ಮೇಲೆ ಖರ್ಜೂರದ ನಾರಿನ ಗಂಟು ಹಾಕುವುದು ಮಗಳ ಕೆಲಸ. ಹೀಗೆ ಏಳು ವರ್ಷ. ಯಾಕೆ ಎಂದು ಕೇಳಿದವರಿಗೆ, ಅಳೆಯುವವನಿಗೂ ಒಂದು ಅಳತೆ ಬೇಕಲ್ಲ ಎಂದು ನಗುತ್ತಿದ್ದನಂತೆ.

ನಾಳೆ, ಬುಧವಾರ, ಅಲ್ಜೀರ್ಸಿನಿಂದ ಸರಕಾರದ ವಿಚಾರಣಾ ಆಯೋಗ ಬರುತ್ತದೆ. ಊರಿನ ಹತ್ತಿರ ಅನಿಲ ತೆಗೆಯುವ ಕಂಪನಿ ಅದಕ್ಕೆ ಆಗಲೇ ಪತ್ರ ಬರೆದಿದೆ. ಪತ್ರದ ಪ್ರಕಾರ, ನೀರು ಮೊದಲಿನಿಂದಲೂ ಹೀಗೇ ಉಪ್ಪಾಗಿತ್ತು. ಈಗ ಬರುತ್ತಿರುವ ವಾಸನೆಗೆ ಮುದುಕನೇ ಕಾರಣ. ಕಂಪನಿಯ ಮೇಲೆ ಗೂಬೆ ಕೂರಿಸಲು ಬಾವಿಗೆ ಡೀಸೆಲ್ ಸುರಿಯಲು ಹೋಗಿ, ಕಾಲು ಜಾರಿ ಬಿದ್ದು ಸತ್ತ. ಬಾವಿಯ ಬಾಯಲ್ಲಿ ಸಿಕ್ಕ ಡೀಸೆಲ್ ಡಬ್ಬಿಯ ಚಿತ್ರವೂ ಪತ್ರದ ಜೊತೆ ಹೋಗಿದೆ.

ಮೊದಲಿನ ನೀರು ಹೇಗಿತ್ತು ಎಂದು ತೋರಿಸಲು ಆ ಏಳು ಬಾಟಲಿ ಬಿಟ್ಟರೆ ಭೂಮಿಯ ಮೇಲೆ ಬೇರೇನೂ ಇಲ್ಲ. ಅವು ಸಿಗದಿದ್ದರೆ ನಾಳೆ ಮಧ್ಯಾಹ್ನದ ಹೊತ್ತಿಗೆ ಆಯೋಗದ ಸಹಿ ಬೀಳುತ್ತದೆ, ಅನಿಲದ ಇನ್ನೂ ಹತ್ತು ಬಾವಿ ಕೊರೆಯಲು ಅಪ್ಪಣೆ ಸಿಗುತ್ತದೆ. ಮಬ್ರೂಕಾಳ ಅಪ್ಪನ ಹೆಸರು ನೀರು ಕೆಡಿಸಿದವನು ಎಂದು ಉಳಿಯುತ್ತದೆ. ಮರುಭೂಮಿಯಲ್ಲಿ ಕೊಲೆಗಾರನ ಮಗಳಿಗೆ ಗಂಡು ಸಿಕ್ಕಾನು. ನೀರು ಕೆಡಿಸಿದವನ ಮಗಳಿಗೆ ಒಂದು ಲೋಟ ಚಹಾ ಕೂಡ ಸಿಗುವುದಿಲ್ಲ.

ಕಲ್ತೂಮಾ ಇಪ್ಪತ್ತೆರಡು ವರ್ಷ ಉತ್ತರದ ನಗರವೊಂದರ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದುಡಿದು, ಹೋದ ವರ್ಷ ಊರಿಗೆ ವಾಪಸಾದವಳು. ಅವಳ ಚೀಲದಲ್ಲಿ ಪೆನ್ನಿನಷ್ಟು ಉದ್ದದ ಒಂದು ಅಳತೆಯ ಯಂತ್ರ ಸದಾ ಇರುತ್ತದೆ. ನೀರಿಗೆ ಅದ್ದಿದರೆ ಉಪ್ಪು ಎಷ್ಟೆಂದು ಅಂಕಿ ತೋರಿಸುತ್ತದೆ. ಅವತ್ತು ಬೆಳಗ್ಗೆ ಕಾಲುವೆಯ ನೀರಿಗೆ ಅದ್ದಿದಾಗ ಒಂಬತ್ತು ಸಾವಿರ ತೋರಿಸಿತ್ತು, ಕುಡಿಯುವ ನೀರಿಗೆ ಅದು ಎಷ್ಟೋ ಪಟ್ಟು ಹೆಚ್ಚು.

"ಡೀಸೆಲ್ ನೀರಿಗೆ ವಾಸನೆ ಕೊಡುತ್ತೆ ಮಗಳೇ, ಉಪ್ಪು ಕೊಡೋದಿಲ್ಲ," ಎಂದಳು. "ಆ ಡಬ್ಬಿ ಇಟ್ಟವನು ಮೂಗನ್ನ ಮೋಸ ಮಾಡೋಕೆ ಇಟ್ಟಿದ್ದಾನೆ. ನಾಲಿಗೆಯನ್ನ ಮರೆತ."

ಆಮೇಲೆ ಚಾಪೆಯ ಮೇಲೆ ಕೂತು, ಹೋದ ಬುಧವಾರದ ಊಟದ ಹೊತ್ತನ್ನು ಇನ್ನೊಂದು ಸಲ ಹೇಳು ಎಂದಳು. ಅದು ಅಪ್ಪ ಮಗಳು ಕೂಡಿ ಉಂಡ ಕೊನೆಯ ಊಟ. ಮಬ್ರೂಕಾ ನಾಲ್ಕು ಸಲ ಹೇಳಿದ್ದಳು. ಐದನೆಯ ಸಲವೂ ಹೇಳಿದಳು. ಕುಂಬಳಕಾಯಿ ಹಾಕಿದ ಕುಸ್‌ಕುಸ್. ಅಪ್ಪನಿಗೆ ಹಸಿವಿತ್ತು. ತೋಟದ ಮಾತಾಡಿದ. ಯಾರನ್ನೋ ಆಡಿಕೊಂಡು ನಕ್ಕ.

"ಯಾರನ್ನ?"

"ಮೌಲಾಯ್ ತಯ್ಯಬರನ್ನ. ಅದರಲ್ಲೇನಿದೆ ಲಾಲ್ಲಾ, ತಮಾಷೆಗೆ ಅಂದಿದ್ದು. 'ಮೌಲಾಯ್‌ಗೆ ಅರಳುಮರಳು ಶುರುವಾಯ್ತು ಕಣೇ, ಇವತ್ತು ಹರಿಯೋ ನೀರಿನ ಪಕ್ಕ ಕೂತು ಕಲ್ಲು ತಟ್ಟಿ ನಮಾಜಿಗೆ ಹೋದರು' ಅಂದ. ನಾನೂ ನಕ್ಕೆ."

"ಆಮೇಲೆ?"

"ಆಮೇಲೆ ಚಮಚ ಕೆಳಗಿಟ್ಟ. ಮೂರನೇ ಲೋಟ ಚಹಾ ಕುಡಿಯದೆ ಎದ್ದುಹೋದ. ಯಾವತ್ತೂ ಹಾಗೆ ಮಾಡಿದವನಲ್ಲ."

ಮರುದಿನ ಬೆಳಗಿನ ನಮಾಜು ಮುಗಿದದ್ದೇ ಹಗ್ಗ, ಲಾಟೀನು ಹಿಡಿದು ಹೊರಟವನು ತಿರುಗಿ ಬರಲಿಲ್ಲ.

ಕಲ್ತೂಮಾಳ ಬೆರಳು ಚಾಪೆಯ ಅಂಚಿನಲ್ಲಿ ನಿಂತುಬಿಟ್ಟಿತ್ತು.

ನಮಾಜಿಗೆ ಮೊದಲು ಕೈ, ಬಾಯಿ, ಮುಖ, ಕಾಲು ತೊಳೆಯುವುದು ವುಜು. ನೀರು ಸಿಗದ ದಾರಿಯಲ್ಲಿ, ಅಥವಾ ನೀರು ಮೈಗೆ ಕೇಡು ಎಂದು ಖಂಡಿತ ಗೊತ್ತಿದ್ದಾಗ, ಶುದ್ಧವಾದ ಮಣ್ಣನ್ನೋ ಕಲ್ಲನ್ನೋ ಅಂಗೈಯಿಂದ ತಟ್ಟಿ ಮುಖ ಸವರಿಕೊಂಡರೂ ಸಾಕು. ಕರುಣಾಳುವಾದ ದೇವರು ಒಪ್ಪುತ್ತಾನೆ. ನೀರಿದ್ದೂ ಹಾಗೆ ಮಾಡಿದರೆ ನಮಾಜು ಆಗುವುದಿಲ್ಲ. ಊರಿನ ದೊಡ್ಡ ಮನುಷ್ಯ ಮೌಲಾಯ್ ತಯ್ಯಬ್ ಐದು ಹೊತ್ತಿನ ನಮಾಜು ತಪ್ಪಿಸದವನು. ಅಂಥವನು ಕಾರಣವಿಲ್ಲದೆ ನೀರು ಬಿಟ್ಟು ಕಲ್ಲು ತಟ್ಟುವುದಿಲ್ಲ.

ನೀರಿಗೆ ವಾಸನೆ ಬಂದದ್ದು ಭಾನುವಾರ. ಅವನು ಕಲ್ಲು ತಟ್ಟಿದ್ದು ಅದಕ್ಕೆ ನಾಲ್ಕು ದಿನ ಮೊದಲು.

"ನಿನ್ನ ಅಪ್ಪ ನಕ್ಕದ್ದು ನಾಲಿಗೆಯಿಂದ," ಎಂದಳು ಕಲ್ತೂಮಾ. "ಚಮಚ ಕೆಳಗಿಟ್ಟಾಗ ಲೆಕ್ಕ ಸಿಕ್ಕಿತ್ತು. ಏಳು ಮಗಳೇ, ಹೋಗೋಣ."

*

ಮಸೀದಿಯ ಅಂಗಳ ಗುಡಿಸುವ ಮುದುಕ ಫರ್ಜಿಯನ್ನು ಅವಳು ಮೊದಲು ಕೇಳಿದಳು. ಅವನು ಪೊರಕೆಗೆ ಒರಗಿ ನಿಂತು ಸಾವಕಾಶವಾಗಿ ಹೇಳಿದ. ಹೌದು, ನಾನೂ ನೋಡಿದ್ದೇನೆ, ಬುಧವಾರ ಎರಡು ಸಲ, ಗುರುವಾರ ಒಂದು ಸಲ. ಮೈಗೆ ಕಜ್ಜಿ ಎದ್ದಿರಬೇಕು ಎಂದುಕೊಂಡು, ದೊಡ್ಡವರನ್ನು ಕೇಳುವುದು ಹೇಗೆಂದು ಸುಮ್ಮನಾದೆ. ಶುಕ್ರವಾರ ದಹ್ಮಾನ್‌ನನ್ನು ಮಣ್ಣು ಮಾಡುವಾಗಲೂ ಅವರಿಗೆ ಹುಷಾರಿರಲಿಲ್ಲ. ಮೂರು ಹಿಡಿ ಮಣ್ಣು ಹಾಕಿ, ಮಂಡಿ ನೋವು ಎಂದು ಎಲ್ಲರಿಗಿಂತ ಮೊದಲೇ ಹೋದರು.

ಕಂಪನಿಯ ಎಂಜಿನಿಯರ್ ನಾದಿರ್ ಎಲ್ಲಿದ್ದ ಎಂದು ಕೇಳಿದಳು. ಊರಿಗೆ ಊರೇ ಅವನ ಮೇಲೆ ಬೆರಳು ತೋರಿಸುತ್ತಿತ್ತು. ಅವನು ಕೊನೆಯವರೆಗೂ ಸ್ಮಶಾನದ ಗೋಡೆಯ ಹತ್ತಿರ ತಲೆ ತಗ್ಗಿಸಿ ನಿಂತಿದ್ದ, ಎಂದ ಫರ್ಜಿ. ಹುಡುಗರು ಉಗಿದರೂ ಕದಲಲಿಲ್ಲ.

ಹಾಗಾದರೆ ಬಾಟಲಿ ಎತ್ತಿದವನು ನಾದಿರ್ ಅಲ್ಲ.

ಮೌಲಾಯ್ ಮನೆಗೆ ಚೌಕ ದಾಟಿ ಹೋಗಬೇಕು. ಕಂಪನಿಯ ಬಾವಿಗಳು ಬೇಡವೆಂದು ನಲವತ್ತು ದಿನಗಳಿಂದ ಹೆಂಗಸರು ಅಲ್ಲಿ ಕಂಬಳಿ ಹಾಸಿ ಕೂತಿದ್ದಾರೆ. ಲಾಲ್ಲಾ ತಬರ್ಕಾ ಅಲ್ಲೇ ಬೂದಿ ಕೆದಕಿ, ಮರಳಿನಡಿ ರೊಟ್ಟಿ ಬೇಯಿಸುತ್ತಿದ್ದಳು. ಮೊದಲ ವಾರ ನಾದಿರ್ ನಕ್ಷೆ ಹಿಡಿದು ಇದೇ ಮುದುಕಿಯ ಮುಂದೆ ಕೂತು ತಿಳಿಹೇಳಲು ನೋಡಿದ್ದ. ಎರಡು ಸಾವಿರ ಮೀಟರ್ ಕೆಳಗೆ ಬಿಗಿಯಾದ ಕಲ್ಲಿದೆ, ಅದರ ಸಂದಿನಲ್ಲಿ ಅನಿಲ ಸಿಕ್ಕಿಕೊಂಡಿದೆ. ನೀರಿಗೆ ಮರಳು, ಸ್ವಲ್ಪ ಔಷಧ ಬೆರೆಸಿ ಭಾರೀ ಒತ್ತಡದಲ್ಲಿ ಒಳಗೆ ನೂಕಿದರೆ ಕಲ್ಲು ಬಿರಿಯುತ್ತದೆ. ಬಿರುಕು ಮತ್ತೆ ಮುಚ್ಚದಂತೆ ಮರಳು ತಡೆಯುತ್ತದೆ. ಅನಿಲ ಮೇಲೆ ಬರುತ್ತದೆ. ನಿಮ್ಮ ನೀರು ಎಷ್ಟೋ ಮೇಲಿದೆ, ನಡುವೆ ಉಕ್ಕಿನ ಕೊಳವೆ ಇದೆ, ಸುತ್ತ ಸಿಮೆಂಟ್ ಇದೆ.

ತಬರ್ಕಾ ಕೇಳಿದ್ದು ಬಹಳ ಇಲ್ಲ. ಒಂದು ಬಾವಿಗೆ ಎಷ್ಟು ನೀರು? ಸಾವಿರ ಟ್ಯಾಂಕರ್. ಯಾವ ನೀರು? ಇಲ್ಲಿಯದೇ ನೆಲದ್ದು. ವಾಪಸು ಎಷ್ಟು ಬರುತ್ತೆ? ಅರ್ಧಕ್ಕಿಂತ ಕಡಿಮೆ, ಅದನ್ನು ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಇಡುತ್ತೇವೆ. ಉಳಿದದ್ದು? ಒಳಗೇ ಇರುತ್ತೆ, ಏನೂ ಆಗಲ್ಲ.

"ಮಗನೇ," ಎಂದಿದ್ದಳು ತಬರ್ಕಾ, "ನಾನು ಹನ್ನೊಂದು ಹೆತ್ತವಳು. ಒಳಗೆ ಹೋದದ್ದು ಒಳಗೇ ಇರುತ್ತೆ ಅಂತ ನನಗೆ ಹೇಳ್ಬೇಡ."

ಚೌಕವೆಲ್ಲ ನಕ್ಕಿತ್ತು. ನಾದಿರನೂ ನಕ್ಕಿದ್ದ, ಪಾಪ. ಅವತ್ತಿನಿಂದ ನಕ್ಷೆ ತಂದಿಲ್ಲ.

"ಬಾಟಲಿ ಸಿಕ್ಕಿತಾ?" ಎಂದಳು ತಬರ್ಕಾ ಈಗ, ರೊಟ್ಟಿಯ ಮರಳು ಕೊಡವುತ್ತ.

ಕಲ್ತೂಮಾ ಇಲ್ಲ ಎಂದು ತಲೆಯಾಡಿಸಿದಳು.

"ಸಿಗದಿದ್ರೂ ನಾವು ಏಳಲ್ಲ. ಆಯೋಗದ ಕಾರು ಇದೇ ದಾರೀಲಿ ಬರಬೇಕು, ನನ್ನ ಒಲೆ ತುಳಿದು ಹೋಗಲಿ, ನೋಡೋಣ." ಎನ್ನುತ್ತ ಬಿಸಿ ರೊಟ್ಟಿ ಮುರಿದು ಮಬ್ರೂಕಾಳ ಕೈಗಿಟ್ಟಳು. ಐದು ದಿನದಲ್ಲಿ ಆ ಹುಡುಗಿಗೆ ಮನೆಯವರಲ್ಲದವರು ಕೊಟ್ಟ ಮೊದಲ ತುತ್ತು ಅದು. ಪತ್ರದ ಸುದ್ದಿ ಹಬ್ಬಿದ ಮೇಲೆ ಚೌಕದ ಹೆಂಗಸರಲ್ಲೂ ಕೆಲವರು ಅವಳನ್ನು ಕಂಡು ಸೆರಗು ಸರಿಸಿಕೊಳ್ಳುತ್ತಿದ್ದರು.

*

ಮೌಲಾಯ್ ತಯ್ಯಬ್ ಫೊಗ್ಗಾರದ ಸಭೆಯ ಯಜಮಾನ. ಬಾಚಣಿಗೆಯ ಅಗಲವಾದ ಮೂರು ಹಲ್ಲು ಅವನ ತೋಟದವು. ಅವನ ಐದು ಟ್ಯಾಂಕರ್ ಲಾರಿಗಳು ಕಂಪನಿಗೆ ಬಾಡಿಗೆಗೆ ಓಡುತ್ತವೆ. ಅದು ಎಲ್ಲರಿಗೂ ಗೊತ್ತು; ಅವನು ಬಚ್ಚಿಟ್ಟಿರಲಿಲ್ಲ. ಊರಿನ ಬಡವರಿಗೆ ರಂಜಾನಿನಲ್ಲಿ ಗೋಧಿ ಕೊಡುವವನು, ಮಾತಿನಲ್ಲಿ ಮೃದು.

ಅಂಗಳದಲ್ಲಿ ಒಬ್ಬನೇ ಕೂತಿದ್ದ. ಇಬ್ಬರನ್ನೂ ಕಂಡು ಎದ್ದು ಬರಮಾಡಿಕೊಂಡ, ಚಹಾಕ್ಕೆ ನೀರಿಡಲು ಹೇಳುತ್ತೇನೆ ಎಂದ. ಕಲ್ತೂಮಾ ಬೇಡವೆಂದು, ಚೀಲದಿಂದ ಬೆಳಗ್ಗೆ ತುಂಬಿಸಿದ ಕಾಲುವೆಯ ನೀರಿನ ಡಬ್ಬಿ ತೆಗೆದು ಅವನ ಮುಂದೆ ಇಟ್ಟಳು.

ಅಷ್ಟರಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಕರೆ ಕೇಳಿತು. ಮೂವರೂ ತಲೆ ತಗ್ಗಿಸಿ ಕರೆ ಮುಗಿಯುವವರೆಗೆ ಸುಮ್ಮನಿದ್ದರು.

"ಹೊತ್ತಾಯ್ತು ಮೌಲಾಯ್," ಎಂದಳು ಕಲ್ತೂಮಾ. "ವುಜು ಮಾಡಿ. ನೀರು ನಾನೇ ಹಾಕ್ತೀನಿ."

ಅವನು ಡಬ್ಬಿ ನೋಡಿದ. ಕೈ ಚಾಚಲಿಲ್ಲ. "ಇದಕ್ಕೆ ವಾಸನೆ ಬಂದಿದೆ ತಂಗೀ. ವಾಸನೆ ಬದಲಾದ ನೀರಲ್ಲಿ ವುಜು ಇಲ್ಲ. ಇಮಾಮರು ಭಾನುವಾರವೇ ಹೇಳಿದ್ದಾರೆ."

"ಭಾನುವಾರ ಹೇಳಿದರು. ನೀವು ಬುಧವಾರದಿಂದಲೇ ಪಾಲಿಸ್ತಿದ್ದೀರಿ."

ಮೌಲಾಯ್ ಡಬ್ಬಿಯನ್ನು ಮೆಲ್ಲನೆ ದೂರ ಸರಿಸಿದ.

"ಬುಧವಾರ ಆ ನೀರಿಗೆ ಬಣ್ಣ ಇರಲಿಲ್ಲ, ರುಚಿ ಇರಲಿಲ್ಲ, ವಾಸನೆ ಇರಲಿಲ್ಲ. ಇಡೀ ಊರು ಅದರಲ್ಲಿ ಮುಖ ತೊಳೀತು. ಮಕ್ಕಳು ಕುಡಿದರು. ನೀವೊಬ್ಬರು ಪಕ್ಕದಲ್ಲಿ ಕೂತು ಕಲ್ಲು ತಟ್ಟಿದಿರಿ." ಅವಳ ದನಿ ಏರಲಿಲ್ಲ. "ಊರಿಗೆ ಹೇಳಲಿಲ್ಲ. ದೇವರೆದುರು ಮಾತ್ರ ಚೊಕ್ಕಟವಾಗಿ ನಿಲ್ಲೋಣ ಅಂತ ಹೋದಿರಿ."

ಬೇರೆ ಯಾವ ಕಳ್ಳನಾದರೂ ಎಲ್ಲರ ಜೊತೆ ಮುಖ ತೊಳೆದು ಬಚಾವಾಗುತ್ತಿದ್ದ. ಇವನಿಂದ ಅದು ಆಗಲಿಲ್ಲ. ಊರಿಗೆ ಸುಳ್ಳು ಹೇಳಬಲ್ಲವನು ಒಂದು ನಮಾಜನ್ನು ಕೆಡಿಸಲಾರದೆ ಸಿಕ್ಕಿಬಿದ್ದಿದ್ದ.

ಮೌಲಾಯ್ ಎದ್ದು ಹೋಗಬಹುದಿತ್ತು. ಗದರಿಸಿ ಕಳಿಸಬಹುದಿತ್ತು. ಅವನು ಕೂತಲ್ಲೇ ಕುಗ್ಗಿದ. ಆಮೇಲೆ ನಿಧಾನವಾಗಿ, ಒಂದೊಂದೇ ಕಲ್ಲು ಇಳಿಸುವವನ ಹಾಗೆ ಹೇಳಿದ.

ಹೋದ ತಿಂಗಳ ಬಿರುಗಾಳಿಗೆ ಹೊಂಡದ ಪ್ಲಾಸ್ಟಿಕ್ ಹರಿಯಿತು. ಕಲ್ಲಿನೊಳಗಿಂದ ವಾಪಸು ಬಂದ ಕಪ್ಪು ನೀರು, ಸಮುದ್ರಕ್ಕಿಂತ ಉಪ್ಪು, ತುಂಬಿ ಹೊರಚೆಲ್ಲಲು ಶುರುವಾಯಿತು. ಬೇಗ ಎತ್ತಿ ದೂರ ಸುರಿಯಿರಿ ಎಂದು ಕಂಪನಿಯವರು ಅವನ ಲಾರಿಗಳಿಗೆ ಹೇಳಿದರು. ದೂರ ಎಂದರೆ ಎಂಬತ್ತು ಕಿಲೋಮೀಟರ್. ಮರಳಿನ ದಾರಿ, ಟೈರು ಹೋಗುತ್ತದೆ. ಫೊಗ್ಗಾರದ ಮೇಲ್ಭಾಗದಲ್ಲಿ ಅಜ್ಜನ ಕಾಲದಲ್ಲೇ ಬತ್ತಿದ ಒಂದು ಕವಲಿದೆ, ಅದರ ಬಾವಿಗಳು ಸತ್ತ ಬಾವಿಗಳು. ಅಲ್ಲಿಗೆ ಸುರಿಯಿರಿ ಎಂದವನು ಅವನೇ. ಸತ್ತ ಕವಲು ಬದುಕಿರುವ ಕಾಲುವೆಗೆ ಸೇರುವುದಿಲ್ಲವೆಂದು ನಂಬಿದ್ದ. ಮೂರು ದಿನ ಸುರಿದರು. ಬುಧವಾರ ಬೆಳಗ್ಗೆ ಒಬ್ಬ ಚಾಲಕ ಬಂದು, ಕೆಳಗೆ ನೀರು ಹರಿಯುವ ಸದ್ದು ಕೇಳುತ್ತಿದೆ ಎಂದ.

"ಸದ್ದು ಊರಿನ ಕಡೆಗಿತ್ತು," ಎಂದ ಮೌಲಾಯ್. ತಲೆ ಎತ್ತಲಿಲ್ಲ.

"ಬಾಟಲಿ?" ಎಂದಳು ಮಬ್ರೂಕಾ.

ಅವನು ಎದ್ದು ಒಳಗೆ ಹೋಗಿ, ಉಣ್ಣೆಯ ಕಂಬಳಿಯಲ್ಲಿ ಸುತ್ತಿದ ಬುಟ್ಟಿಯೊಂದನ್ನು ಎರಡು ಕೈಯಲ್ಲಿ ಹಿಡಿದು ತಂದ. ಏಳೂ ಇದ್ದವು. ಒಡೆಯಲೆಂದೇ ತಂದೆ, ಕೈ ಬರಲಿಲ್ಲ ಎಂದ.

ಎಲ್ಲಕ್ಕಿಂತ ಹಳೆಯದು ಅರ್ಧ ಖಾಲಿಯಾಗಿತ್ತು. ಅದರ ಮೇಣ ಒಡೆದಿತ್ತು.

"ಇದನ್ನೇನು ಮಾಡಿದಿರಿ?" ಎಂದಳು ಕಲ್ತೂಮಾ.

ಮೌಲಾಯ್‌ನ ಕಿವಿ ಕೆಂಪಾಯಿತು. "ಶುಕ್ರವಾರ ಸಂಜೆಯ ನಮಾಜಿಗೆ. ಕಲ್ಲು ತಟ್ಟಿ ತಟ್ಟಿ ಸಾಕಾಗಿತ್ತು."

"ಕದ್ದ ನೀರಲ್ಲಿ ವುಜು ಆಗುತ್ತಾ ಮೌಲಾಯ್?"

"ಆಗುತ್ತೆ," ಎಂದ ಅವನು. "ಪಾಪವೂ ಆಗುತ್ತೆ."

*

ಕಲ್ತೂಮಾ ಅಂಗಳದ ಬಿಸಿಲಿನಲ್ಲಿ ಬಾಟಲಿಗಳನ್ನು ವರ್ಷದ ಸಾಲಿನಲ್ಲಿ ನಿಲ್ಲಿಸಿದಳು. ಮಬ್ರೂಕಾ ಮೊದಲಿನದು ಬಿಟ್ಟು ಉಳಿದ ಆರರ ನಾರಿನ ಗಂಟನ್ನೂ ಮುಟ್ಟಿ ನೋಡಿದಳು. ಅವಳದೇ ಗಂಟು, ಯಾರೂ ಬಿಚ್ಚಿರಲಿಲ್ಲ. ಬಿಚ್ಚಿ ಕೊಟ್ಟಳು. ಯಂತ್ರದ ತುದಿ ಒಂದೊಂದಕ್ಕೂ ಇಳಿಯಿತು.

ಮೊದಲನೆಯದು ಸಾವಿರದ ಆರುನೂರು. ಎರಡನೆಯದೂ ಅಷ್ಟೇ. ಮೂರು, ನಾಲ್ಕು, ಅಷ್ಟೇ. ನಮ್ಮ ನೆಲದ ನೀರಿನ ಹುಟ್ಟು ಉಪ್ಪು ಅದು. ಅಮ್ಮನ ಹಾಲಿನ ಜೊತೆ ನಾಲಿಗೆಗೆ ಹತ್ತಿದ ರುಚಿ. ಮಬ್ರೂಕಾಳ ಮುಖದಲ್ಲಿ ಐದು ದಿನಗಳ ಮೇಲೆ ಮೊದಲ ಸಲ ಸ್ವಲ್ಪ ರಕ್ತ ಬಂತು.

ಐದನೆಯದಕ್ಕೆ ಇಳಿಸಿದಾಗ ಅಂಕಿ ಏರಿತು. ಎರಡು ಸಾವಿರದ ನಾನೂರು.

ಕಲ್ತೂಮಾ ತುದಿ ಒರೆಸಿ ಮತ್ತೆ ಅದ್ದಿದಳು. ಎರಡು ಸಾವಿರದ ನಾನೂರು. ಆರನೆಯದು ಮೂರು ಸಾವಿರ. ಏಳನೆಯದು ಅದಕ್ಕಿಂತ ಸ್ವಲ್ಪ ಹೆಚ್ಚು. ನಾಲಿಗೆಗೆ ಗೊತ್ತಾಗದಷ್ಟು ಮೆಲ್ಲಗೆ, ವರ್ಷದಿಂದ ವರ್ಷಕ್ಕೆ ಏರಿತ್ತು.

ಐದನೆಯ ಬಾಟಲಿ ತುಂಬಿಸಿದ್ದು ಹಿಂದಿನ ವರ್ಷಕ್ಕೂ ಹಿಂದಿನ ಕೊಯ್ಲಿನಲ್ಲಿ. ಕಂಪನಿಯ ಕೊರೆಯುವ ಗೋಪುರ ತಿಗೂರ್ತಕ್ಕೆ ಬಂದದ್ದು ಅದಾಗಿ ಐದು ತಿಂಗಳ ಮೇಲೆ.

"ಅಂದ್ರೆ?" ಎಂದಳು ಮಬ್ರೂಕಾ.

ಕಲ್ತೂಮಾ ಸುಳ್ಳು ಹೇಳಲಿಲ್ಲ. "ಅಂದ್ರೆ, ಕಂಪನಿ ಕಾಲಿಡೋ ಮೊದಲೇ ನೀರು ಕೆಡೋಕೆ ಶುರುವಾಗಿತ್ತು ಅಂತ ನಿನ್ನ ಅಪ್ಪನ ಬಾಟಲಿಯೇ ಹೇಳ್ತಿದೆ. ಅವರ ಪತ್ರದಲ್ಲಿರೋ ಮಾತೂ ಅದೇ. ನಾಳೆ ಇದನ್ನ ಮೇಜಿನ ಮೇಲೆ ಇಟ್ರೆ, ಅವರು ನಗ್ತಾರೆ. ಊರಲ್ಲಿ ಕಾಲುವೆಗೆ ಇಳಿದು ಹತ್ತೋನು ನೀರಳೆಯೋನು ಒಬ್ಬನೇ. ಮೊದಲಿನಿಂದ ಕೆಡಿಸಿದವನೂ ಅವನೇ ಅಂತಾರೆ."

ಗೋಡೆಯ ಮೇಲೆ ಪಾರಿವಾಳ ಗುಟುರು ಹಾಕುತ್ತಿತ್ತು.

ಮೌಲಾಯ್ ಮೆಲ್ಲನೆ ಮುಂದೆ ಬಗ್ಗಿದ. ಮೊದಲ ನಾಲ್ಕು ಬಾಟಲಿ, ಇವತ್ತಿನ ನೀರು, ಇಷ್ಟೇ ಇಟ್ಟರೆ ಸಾಕು ಎಂದ. ಮೊದಲು ಸಿಹಿ, ಈಗ ಕಹಿ, ಯಾರೂ ಬಾಯಿ ತೆರೆಯಲಾರರು. ಕೊನೆಯ ಮೂರನ್ನು ಇಲ್ಲೇ ಒಡೆದುಬಿಡೋಣ. ಸತ್ತ ಬಾವಿಗೆ ಸುರಿದದ್ದು ನಾನೇ ಎಂದು ಆಯೋಗದ ಮುಂದೆ ಹೇಳುತ್ತೇನೆ, ಜೈಲಿಗೆ ಹೋಗುತ್ತೇನೆ. ದಹ್ಮಾನ್‌ನ ಹೆಸರು ಉಳಿಯುತ್ತದೆ.

ಕಲ್ತೂಮಾ ತಕ್ಷಣ ಬೇಡವೆನ್ನಲಿಲ್ಲ. ಅಷ್ಟು ಮಟ್ಟಿಗೆ ಆ ಮಾತು ಸರಳವಾಗಿತ್ತು, ಅಷ್ಟು ಹತ್ತಿರವಿತ್ತು. ಅವಳು ಮಬ್ರೂಕಾಳ ಕಡೆ ನೋಡಿದಳು. ಹೆಸರು ಅವಳ ಅಪ್ಪನದು.

ಮಬ್ರೂಕಾ ಐದನೆಯ ಬಾಟಲಿ ಎತ್ತಿಕೊಂಡು, ಬಾಯಿಗೆ ಮತ್ತೆ ನಾರು ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. ಆರನೆಯದಕ್ಕೂ, ಏಳನೆಯದಕ್ಕೂ ಹಾಗೇ ಮಾಡಿದಳು.

"ಏಳೂ ಇಡ್ತೀವಿ," ಎಂದಳು.

"ಮಗಳೇ, ಜನ ನಿನ್ನ ಅಪ್ಪನಿಗೆ..."

"ಅಪ್ಪ ಏಳು ತುಂಬಿಸಿದ್ದು ಮೌಲಾಯ್. ನಾಲ್ಕಲ್ಲ." ಅವಳು ಬುಟ್ಟಿ ಹತ್ತಿರಕ್ಕೆ ಎಳೆದುಕೊಂಡಳು. "ಜನ ಏನು ಬೇಕಾದ್ರೂ ಅನ್ನಲಿ. ನಾನು ಚಹಾ ಇಲ್ಲದೆ ಬದುಕ್ತೀನಿ. ಅಪ್ಪನ ಹೆಸರು ಉಳಿಸೋಕೆ ಅಂತ ಅಪ್ಪ ಅಳೆದದ್ದನ್ನೇ ನಾನು ಒಡೀಬೇಕಾ? ನೀವು ಕಲ್ಲು ತಟ್ಟಿಕೊಂಡು ಬದುಕ್ಕೊಳ್ಳಿ. ನನ್ನ ಕೈಲಿ ಆಗಲ್ಲ."

ಬುಟ್ಟಿಗೆ ಏಳು ಬಾಟಲಿಯೂ ಹೋದವು. ಅವಳು ಅದನ್ನು ತಲೆಯ ಮೇಲೆ ಇಟ್ಟುಕೊಂಡು ಬಾಗಿಲ ಕಡೆ ಹೊರಟಳು. ಇಪ್ಪತ್ತು ವರ್ಷದ ಹುಡುಗಿ; ನಡಿಗೆಯಲ್ಲಿ ದಹ್ಮಾನ್ ಇದ್ದ.

"ನಿಲ್ಲು," ಎಂದ ಮೌಲಾಯ್. ಅವನ ಮೃದು ದನಿ ಒಡೆದಿತ್ತು. "ಕಂಪನಿಯ ಬಾವಿ ಒಂದಲ್ಲ."

ಅವಳು ನಿಂತಳು.

"ಎಲ್ಲರೂ ನೋಡಿದ್ದು ಎರಡನೆಯದು. ಅದಕ್ಕೆ ಮೊದಲೇ ಒಂದು ಕೊರೆದಿದ್ದರು. ಮೇಲ್ಗಡೆ, ಸತ್ತ ಕವಲಿನಾಚೆ. ಕುಡಿಯೋ ನೀರು ಹುಡುಕ್ತೀವಿ ಅಂತ ಸಣ್ಣ ತಂಡ ಬಂದಿತ್ತಲ್ಲ, ಐದನೇ ಬಾಟಲಿಯ ಕೊಯ್ಲಿಗೆ ಮುಂಚಿನ ಬೇಸಿಗೇಲಿ, ಅವರು. ನೀರು ಸಾಗಿಸಿದ್ದು ನನ್ನ ಲಾರಿಗಳೇ. ಕಲ್ಲು ಬಿರಿಸಿದರು. ಕೊಳವೆ ಸುತ್ತ ಹಾಕಿದ ಸಿಮೆಂಟ್ ಹಿಡೀಲಿಲ್ಲ, ಸಂದಿಯಿಂದ ಅನಿಲ ಗುಳುಗುಳು ಅಂತಿತ್ತು. ಬಾಯಿ ಮುಚ್ಚಿ, ಮರಳು ಎಳೆದು, ಹದಿನೈದು ದಿನದಲ್ಲಿ ಹೊರಟುಹೋದರು. ಕಾಗದದಲ್ಲಿ ಆ ಬಾವಿ ಇಲ್ಲವೇ ಇಲ್ಲ. ನನಗೆ ಬಾಯಿ ಮುಚ್ಚಿಕೊಂಡಿರು ಅಂದರು. ಮುಚ್ಚಿಕೊಂಡೆ."

ಕಲ್ತೂಮಾ ಕಣ್ಣು ಮುಚ್ಚಿ ತೆರೆದಳು. ಐದನೆಯ ಬಾಟಲಿಗೆ ಉತ್ತರ ಸಿಕ್ಕಿತ್ತು. ಮೇಲಿನಿಂದ ಸುರಿದದ್ದು ಈ ತಿಂಗಳ ವಿಷ. ಅದಕ್ಕೂ ಮೊದಲು ಎರಡು ವರ್ಷಗಳಿಂದ, ಕೆಟ್ಟ ಸಿಮೆಂಟಿನ ಗುಂಟ, ಕೆಳಗಿನಿಂದ ಮೇಲಕ್ಕೆ ಇನ್ನೊಂದು ಹತ್ತುತ್ತಲೇ ಇತ್ತು.

"ದಹ್ಮಾನ್‌ಗೆ ಇದು ಗೊತ್ತಿತ್ತಾ?"

"ಗುರುವಾರ ಬೆಳಗ್ಗೆ ಇಲ್ಲಿಗೆ ಬಂದ. ನೀನು ಕೇಳಿದ್ದನ್ನೇ ಕೇಳಿದ, ನೀನು ಕೂತ ಕಡೆಯೇ ಕೂತು. ಅವನಿಗೆ ಎಲ್ಲ ಹೇಳಿದೆ. ಫೊಗ್ಗಾರದ ಗುಂಟ ನಾನೇ ಹೋಗಿ ಆ ಬಾವಿಯ ಬಾಯಿ ನೋಡ್ತೀನಿ ಅಂತ ಎದ್ದ. ಅವನು ಹೋದ ಮೇಲೆ ನಾನು ಇನ್ನೊಬ್ಬರಿಗೂ ಹೇಳಿದೆ. ಅದು ನಾನು ಮಾಡಿದ ಕೊಲೆ, ಕೈ ಇಡದೆ ಮಾಡಿದ್ದು. ಡೀಸೆಲ್ ಡಬ್ಬಿ ನನ್ನ ಲಾರಿಯಿಂದಲೇ ಹೋಗಿತ್ತು, ನಾನು ಕೊಟ್ಟದ್ದಲ್ಲ."

"ಯಾರಿಗೆ ಹೇಳಿದಿರಿ?"

"ಮೊದಲನೇ ಬಾವಿಗೆ ಬಾಯಿಮಾತಿನ ಅಪ್ಪಣೆ ಕೊಟ್ಟವರಿಗೆ. ಆಗ ಅವರು ಪರವಾನಗಿ ಕೊಡೋ ಕುರ್ಚೀಲಿದ್ದರು. ಸಿ ಬೂಅಲಂ ಸಾಹೇಬರು."

ಆ ಹೆಸರು ಕಲ್ತೂಮಾಳಿಗೆ ಹೊಸದಲ್ಲ. ಎರಡು ದಿನಗಳಿಂದ ಅದು ಚೌಕದ ಗೋಡೆಯ ಮೇಲೆ, ಸರಕಾರದ ಪ್ರಕಟಣೆಯಲ್ಲಿ ಅಂಟಿಕೊಂಡಿತ್ತು. ನಾಳೆ ಬರುವ ಆಯೋಗದ ಅಧ್ಯಕ್ಷನ ಹೆಸರು.

"ಒಳ್ಳೇದಾಯ್ತು," ಎಂದಳು ಮಬ್ರೂಕಾ, ಬುಟ್ಟಿ ತಲೆಯ ಮೇಲಿದ್ದ ಹಾಗೇ. "ನಾಳೆ ಬರ್ತಾರಲ್ಲ. ಊರೆಲ್ಲ ಕೂಡಿದ ಕಡೆ ಕೇಳ್ತೀನಿ."

ಮೌಲಾಯ್ ತಲೆ ಅಲ್ಲಾಡಿಸಿದ. ಅವನ ಕಣ್ಣು ಅಂಗಳದಾಚೆಯ ಅತಿಥಿಕೋಣೆಯ ಕಡೆ ಹೋಯಿತು. ಬಾಗಿಲಿಗೆ ಒಂಟೆಯ ಉಣ್ಣೆಯ ಪರದೆ ಇಳಿಬಿದ್ದಿತ್ತು.

"ಅವರು ನಾಳೆ ಬರೋದಲ್ಲ," ಎಂದ, ತುಟಿ ಮಾತ್ರ ಆಡಿಸಿ. "ಹೋದ ಬುಧವಾರವೇ ಬಂದರು."

ಕಲ್ತೂಮಾಳ ಕೈ ಮಬ್ರೂಕಾಳ ತೋಳು ಹಿಡಿಯಲು ಚಾಚಿತು. ತಡವಾಗಿತ್ತು. ಹುಡುಗಿ ಬುಟ್ಟಿ ಕೆಳಗಿಳಿಸಿ, ಅಂಗಳ ದಾಟಿ, ಪರದೆಯ ಎದುರು ನಿಂತಿದ್ದಳು.

"ಸಿ ಬೂಅಲಂ," ಎಂದು ಕರೆದಳು. ಯಜಮಾನರನ್ನು ಊಟಕ್ಕೆ ಕರೆಯುವಷ್ಟೇ ಸಮಾಧಾನದಲ್ಲಿ. "ಹೊರಗೆ ಬನ್ನಿ. ದಹ್ಮಾನ್ ಮಗಳು ಕರೀತಿದ್ದೀನಿ."

ಪರದೆ ಸರಿಯಿತು. ಐವತ್ತು ದಾಟಿದ ಮನುಷ್ಯ, ಕಾಲಿಗೆ ಚಪ್ಪಲಿ ಇಲ್ಲ. ಎಷ್ಟೋ ದಿನದಿಂದ ನಿದ್ದೆ ಕಾಣದ ಮುಖ. ಅವಳನ್ನು ಮೇಲಿನಿಂದ ಕೆಳಗೆ ನೋಡಿದ. ಸಿಟ್ಟು ಇರಲಿಲ್ಲ, ಹೆದರಿಕೆಯೂ ಇರಲಿಲ್ಲ.

"ನಿನ್ನ ಅಪ್ಪನೂ ಹೀಗೇ ಹೆಸರು ಹಿಡಿದು ಕರೆದ, ಮಗಳೇ," ಎಂದ. "ಬಾವಿಯ ಒಳಗಿನಿಂದ. ಮಧ್ಯಾಹ್ನದವರೆಗೂ ಕರೆದ."

ಮೌಲಾಯ್ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ.

ಮಬ್ರೂಕಾ ಹೆದರಿ ಓಡಲಿಲ್ಲ. ಅಂಗಳದಿಂದ ಹೊರಗೆ ಹೋಗಲು ಇದ್ದ ಒಂದೇ ಬಾಗಿಲಿಗೆ ಅಡ್ಡವಾಗಿ ಚಾಪೆ ಎಳೆದುಕೊಂಡು, ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತಳು.

"ಏನಂತ ಕರೆದ? ಹೇಳಿ," ಎಂದಳು. "ಒಂದು ಮಾತೂ ಬಿಡಬೇಡಿ."